ಆಯೋಗದ ಆದೇಶ ಬಂದ ಮೇಲೂ ಅರ್ಧ ಮಾಹಿತಿ, ಮುಂದೇನು ಮಾಡಲಿ?

ಕೆರೆಏರಿ:
ನಮಸ್ಕಾರ. ನಮ್ಮೂರ ಚರಂಡಿ ಕಾಮಗಾರಿ ಬಗ್ಗೆ ಆರ್‌ಟಿಐ ಹಾಕಿದ್ದೆ. ಕೇಳಿದ್ದು ಎರಡೇ, ಬಿಲ್ಲು ಮತ್ತು ಅಳತೆ ಪುಸ್ತಕ. 30 ದಿನ ಕಾದೆ, ಉತ್ತರ ಇಲ್ಲ. ಮೊದಲ ಮೇಲ್ಮನವಿಗೂ ಉತ್ತರ ಇಲ್ಲ. ಕೊನೆಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಿದೆ. ವರ್ಷದ ಮೇಲಾದ ಮೇಲೆ ವಿಚಾರಣೆ ಬಂತು, 15 ದಿನದಲ್ಲಿ ಉಚಿತವಾಗಿ ಕೊಡಿ ಅಂತ ಆದೇಶ ಮಾಡಿ ಪ್ರಕರಣ ಮುಕ್ತಾಯ ಮಾಡಿದರು. ಈಗ 16 ಪುಟ ಬಂದಿದೆ. ಬಿಲ್ಲೆಲ್ಲ ಸರಿ. ಆದರೆ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆಯುವ ಜಾಗ ಪೂರ್ತಿ ಬೆಳ್ಳಗಿದೆ. ಮೇಲೊಂದು ಹಾಳೆ ಇಟ್ಟು ಜೆರಾಕ್ಸ್ ಮಾಡಿದ್ದಾರೆ, ಆ ಹಾಳೆಯ ಅಂಚಿನ ಗೆರೆ ಎದ್ದು ಕಾಣ್ತಿದೆ. ನೋಡಿ ಹೊಟ್ಟೆ ಉರೀತು. ಮತ್ತೆ ಹೊಸ ಅರ್ಜಿಯಿಂದ ಶುರು ಮಾಡಬೇಕಾ?

ಹಳೇಟಪಾಲು:
ದಯವಿಟ್ಟು ಹೊಸ ಅರ್ಜಿ ಹಾಕಬೇಡಿ. ಹಾಕಿದರೆ ಗೆದ್ದ ಆದೇಶವನ್ನು ನೀವೇ ಕೈಬಿಟ್ಟ ಹಾಗೆ. ಮಾಹಿತಿ ಹಕ್ಕು ಕಾಯ್ದೆಯ ಕಲಂ 19(7)ರ ಪ್ರಕಾರ ಆಯೋಗದ ತೀರ್ಮಾನವನ್ನು ಅವರು ಪಾಲಿಸಲೇಬೇಕು. ಅದೇ ಪ್ರಕರಣ ಸಂಖ್ಯೆ ಹಾಕಿ ಆಯೋಗಕ್ಕೆ ಪತ್ರ ಬರೆಯಿರಿ. ವಿಷಯದ ಸಾಲಿನಲ್ಲಿ "ಆದೇಶ ಪಾಲನೆಯಾಗಿಲ್ಲ" ಅಂತಲೇ ಇರಲಿ. "ಮರುಪರಿಶೀಲನೆ" ಅನ್ನುವ ಪದ ಮಾತ್ರ ಬೇಡ, ಯಾಕೆಂದರೆ ಈ ಕಾಯ್ದೆಯಲ್ಲಿ ಮರುಪರಿಶೀಲನೆಗೆ ಅವಕಾಶವೇ ಬರೆದಿಲ್ಲ, ಆ ಒಂದು ಪದ ಹಿಡಿದು ಆಗಲ್ಲ ಅಂತ ಹಿಂಬರಹ (ಲಿಖಿತ ಉತ್ತರ) ಕೊಟ್ಟು ಕಳಿಸಿಬಿಡಬಹುದು. ನೀವು ಆದೇಶ ಬದಲಿಸಿ ಅಂತ ಕೇಳ್ತಿಲ್ಲ, ಜಾರಿ ಮಾಡಿ ಅಂತ ಕೇಳ್ತಿದ್ದೀರಿ, ಅಲ್ವಾ?
ಸುಮ್ನೆ "ಅಪೂರ್ಣ ಮಾಹಿತಿ" ಅಂತ ಬರೆದರೆ ಸಾಲದು. ಯಾವ ಪುಟ, ಯಾವ ಕಾಲಂ ಮುಚ್ಚಿದ್ದಾರೆ, ಅದು ಬರಬೇಕು. ಆದೇಶದ ಪ್ರತಿ, ಆ ಪುಟಗಳ ಪ್ರತಿ, ಲಕೋಟೆ ಮೇಲಿನ ಅಂಚೆ ಮುದ್ರೆ ಮೂರನ್ನೂ ಲಗತ್ತಿಸಿ. ದೃಢೀಕೃತ ಪ್ರತಿ ಬೇಕು, ಮೂಲ ಪುಸ್ತಕ ಕಣ್ಣಾರೆ ನೋಡಬೇಕು ಅಂತಲೂ ಕೇಳಿ. ಅದು ಕಲಂ 2(ಜೆ)ಯಲ್ಲೇ ಇರುವ ಹಕ್ಕು.

ಮಲೆನಾಡಿಗ:
ಮೇಲಿನವರು ಹೇಳಿದ್ದು ಸರಿ. ಅದರ ಜೊತೆಗೆ ಕಲಂ 18(1)(ಇ) ಕೆಳಗೆ ಬೇರೆ ದೂರು ಕೊಡಿ. ಅಪೂರ್ಣ, ದಾರಿ ತಪ್ಪಿಸುವ ಮಾಹಿತಿ ಅಂದರೆ ಅದಕ್ಕೇ ಬರುತ್ತದೆ. ಆದರೆ ದೂರು ಒಂದನ್ನೇ ನಂಬಿ ಕೂರಬೇಡಿ. ಕಲಂ 18ರ ದೂರಿನಲ್ಲಿ ಆಯೋಗ ದಂಡ ಹಾಕಬಹುದು, ಮಾಹಿತಿ ಕೊಡಿ ಅಂತ ಹೇಳೋಕೆ ಬರಲ್ಲ, ಅದಕ್ಕೆ ಕಲಂ 19ರ ದಾರಿಯೇ, ಅಂದರೆ ಮೇಲ್ಮನವಿಯೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಹೇಳಿದೆ. ನಾನು ಇದು ಗೊತ್ತಿಲ್ಲದೆ ಬರೀ ದೂರು ಕೊಟ್ಟೆ, ಅಧಿಕಾರಿಗೆ ದಂಡ ಬಿತ್ತು, ಕಾಗದ ಇವತ್ತಿಗೂ ನನ್ನ ಕೈಗೆ ಬಂದಿಲ್ಲ.
ದಂಡ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000. ಅದು ಸರ್ಕಾರಕ್ಕೆ ಹೋಗುತ್ತದೆ. ನಿಮಗಾದ ನಷ್ಟಕ್ಕೆ ಪರಿಹಾರ ಬೇಕಿದ್ದರೆ 19(8)(ಬಿ) ಅಂತ ಬರೆದು ಬಸ್ ಚಾರ್ಜು, ಹೋದ ಕೂಲಿ ಎಲ್ಲದರ ಲೆಕ್ಕ ಕೊಟ್ಟು ಕೇಳಬೇಕು.

ಕೆರೆಏರಿ:
ತುಂಬಾ ಉಪಕಾರ ಆಯಿತು. ಒಂದು ಅನುಮಾನ. ಆಗಿದ್ದ ಅಧಿಕಾರಿ ವರ್ಗ ಆಗಿದ್ದಾರೆ. ಹೊಸಬರು "ನನಗೂ ಇದಕ್ಕೂ ಸಂಬಂಧ ಇಲ್ಲ" ಅಂತಾರೆ. ನ್ಯಾಯಾಂಗ ನಿಂದನೆ ಕೇಸು ಹಾಕಬಹುದಾ?

ಹಳೇಟಪಾಲು:
ವರ್ಗವಾದರೆ ಹೊಣೆ ಹೋಗಲ್ಲ. ತಡ ಮಾಡಿದವರು ಯಾರೋ ದಂಡ ಅವರಿಗೇ. ಆದರೆ ಪುಸ್ತಕ ಈಗ ಇರುವವರ ಕಪಾಟಿನಲ್ಲಿದೆ, ಕೊಡಬೇಕಾದವರು ಇವರೇ. ಪತ್ರದಲ್ಲಿ ಇಬ್ಬರ ಅವಧಿಯನ್ನೂ ತಾರೀಕು ಸಮೇತ ಬರೆಯಿರಿ.
ನಿಂದನೆ ದಾರಿ ಬೇಡ. ಆಯೋಗಕ್ಕೇ ತನ್ನ ಆದೇಶ ಜಾರಿ ಮಾಡಿಸುವ ಅಧಿಕಾರ ಇದೆ, ನಿಂದನೆ ಅರ್ಜಿ ನಡೆಯಲ್ಲ ಅಂತ ನಮ್ಮ ಹೈಕೋರ್ಟ್ 2008ರಲ್ಲೇ ಹೇಳಿದೆ. ಆಯೋಗ ನಿಮ್ಮ ಪತ್ರಕ್ಕೆ ಅಲುಗಾಡದಿದ್ದರೆ ಆಗ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕಿ, ಆದೇಶ ಜಾರಿ ಮಾಡಿಸಿ ಅಂತ ಅಷ್ಟೇ ಕೇಳಿ.

ಕೆರೆಏರಿ:
ಈಗಷ್ಟೇ ಕೂತು ಪಟ್ಟಿ ಮಾಡಿದೆ. 9, 10, 11 ಮತ್ತು 14ನೇ ಪುಟ, ನಾಲ್ಕರಲ್ಲೂ ಬಲಗಡೆಯ ಮೂರು ಕಾಲಂ. ಎರಡು ಪತ್ರವನ್ನೂ ಬೇರೆ ಬೇರೆ ಲಕೋಟೆಯಲ್ಲಿ ನಾಳೆ ಸ್ಪೀಡ್ ಪೋಸ್ಟ್ ಮಾಡ್ತೀನಿ.