ಸಹಾಯ ಬೇಕು: ರೋಮ್‌ನಲ್ಲಿ ತಂಗಿಯ ಬ್ಯಾಗ್ ಕಿತ್ತುಕೊಂಡು ಓಡಿದ್ದಾರೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ರೋಮ್‌ನಲ್ಲಿ ಓದುತ್ತಿದ್ದಾಳೆ. ನಿನ್ನೆ ರಾತ್ರಿ ಟರ್ಮಿನಿ ಸ್ಟೇಷನ್ ಹತ್ತಿರ ಇಬ್ಬರು ಅವಳನ್ನು ತಳ್ಳಿ ಬ್ಯಾಗ್ ಕಿತ್ತುಕೊಂಡು ಓಡಿದ್ದಾರೆ. ಪಾಸ್‌ಪೋರ್ಟ್, ಫೋನ್, ರೆಸಿಡೆನ್ಸ್ ಪರ್ಮಿಟ್ ಎಲ್ಲಾ ಹೋಗಿದೆ. ಮೊಣಕೈ ತರಚಿದೆ. ರೂಮ್‌ಮೇಟ್ ಫೋನಿಂದ ಮಾತಾಡುವಾಗ ಅವಳ ಧ್ವನಿ ಇನ್ನೂ ನಡುಗುತ್ತಿತ್ತು. ಕಾರ್ಡ್ ಬ್ಲಾಕ್ ಮಾಡಿಸಿದ್ದೇವೆ.

ಪೊಲೀಸರಿಗೆ ದೂರು ಕೊಡುವುದು ಇನ್ನೂ ಬಾಕಿ ಇದೆ. ಅವಳಿಗೆ ಇಟಾಲಿಯನ್ ಅಷ್ಟಾಗಿ ಬರುವುದಿಲ್ಲ. ದೂರಿನ ಪ್ರತಿ ಇದ್ದರೇನೇ ನಮ್ಮ ರಾಯಭಾರ ಕಚೇರಿಯಲ್ಲಿ ಹೊಸ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಬಹುದು. ಎಮರ್ಜೆನ್ಸಿ ಸರ್ಟಿಫಿಕೇಟ್ ತೆಗೆದುಕೊಂಡರೆ ಭಾರತಕ್ಕೆ ವಾಪಸ್ ಬರಬಹುದು ಅಷ್ಟೇ. ಓದು ಅರ್ಧಕ್ಕೆ ಬಿಟ್ಟು ಹೇಗೆ ಬರುತ್ತಾಳೆ?

ರೋಮ್‌ನಲ್ಲಿರುವ ಕನ್ನಡಿಗರು ಯಾರಾದರೂ ನಾಳೆ ಬೆಳಿಗ್ಗೆ ಅವಳ ಜೊತೆ ಪೊಲೀಸ್ ಠಾಣೆಗೆ ಹೋಗಬಹುದಾ? ಪರ್ಮಿಟ್ ಕಳೆದುಕೊಂಡು ಮತ್ತೆ ಮಾಡಿಸಿದವರಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಎಚ್ಚರವಾಗಿರುತ್ತೇನೆ.