ಪದಚರ್ಚೆ: ‘ಕಂಪ್ಯೂಟರ್ ಆರಿಸಿ’ ಅಂದರೆ ಯಾವುದನ್ನು? (ಅರ್ಜೆಂಟು)

ಎಲ್ಲರಿಗೂ ನಮಸ್ಕಾರ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡಬೇಕು, ಅದಕ್ಕೇ ಈ ಅವಸರ. ಉಡುಪಿ ಹತ್ತಿರ ನಮ್ಮೂರಿನ ಲೈಬ್ರರಿಯಲ್ಲಿ ಅರವತ್ತು ದಾಟಿದವರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೇವೆ. ಮೌಸ್ ಹಿಡಿಯುವುದರಿಂದ ಶುರು. ನಾಲ್ಕು ಹಳೆ ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್. ಗೋಡೆಗೆ ಹಾಕಲಿಕ್ಕೆ ಒಂದು ಬೋರ್ಡು ಬೇಕು. ಬಾಕಿ ಎಲ್ಲ ಬರೆದಾಯ್ತು, ಕೊನೆಯ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೇನೆ. ಶಟ್ ಡೌನ್‌ಗೆ ಎಂತ ಬರೆಯುವುದು?

ಹೋದ ವಾರ ಹಂಚಿದ ಚೀಟಿಯಲ್ಲಿ ‘ಕೊನೆಗೆ ಕಂಪ್ಯೂಟರ್ ಆರಿಸಿ’ ಅಂತ ಬರೆದಿದ್ದೆ. ದೀಪ ಆರಿಸಿದ ಹಾಗೆ ಅಂತ ನನ್ನ ಲೆಕ್ಕ. ನಿವೃತ್ತ ಟೀಚರ್ ಒಬ್ಬರು ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಯಾವುದನ್ನು ಆರಿಸಬೇಕು? ನನ್ನೆದುರು ಇರುವುದು ಒಂದೇ ಅಲ್ವಾ?’ ಅಂದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು. ನೋಡಿದರೆ ಅದೇ ಚೀಟಿಯ ಮೂರನೇ ಸಾಲಿನಲ್ಲಿ ‘ಪಟ್ಟಿಯಿಂದ ನಿಮ್ಮ ಫೈಲ್ ಆರಿಸಿ’ ಅಂತ ನಾನೇ ಬರೆದಿದ್ದೇನೆ.

ಸರಿ, ‘ಮುಚ್ಚಿ’ ಅಂತ ತಿದ್ದಿದೆ. ಅದು ಇನ್ನೂ ಕಷ್ಟಕ್ಕೆ ಬಂತು. ಮೂಲೆಯ ಇಂಟು ಗುರುತು ಒತ್ತುವುದಕ್ಕೂ ಮುಚ್ಚುವುದು ಅಂತಲೇ ಕಲಿಸಿದ್ದೆವು. ಲ್ಯಾಪ್‌ಟಾಪ್ ಎದುರು ಕೂತವರು ಮುಚ್ಚಳವನ್ನೇ ಟಪ್ ಅಂತ ಮುಚ್ಚಿ ಎದ್ದು ಹೋದರು. ಅದು ಒಳಗೆ ನಿದ್ದೆ ಮಾಡುತ್ತಾ ಇತ್ತು. ಮುಂದಿನ ಕ್ಲಾಸಿಗೆ ತೆಗೆದರೆ ಬ್ಯಾಟರಿ ಖಾಲಿ. ಇನ್ನು ಕೆಲವರು ಮಾನಿಟರಿನ ಬಟನ್ ಮಾತ್ರ ಒತ್ತುತ್ತಾರೆ. ಪರದೆ ಕಪ್ಪಾದರೆ ಮುಗಿಯಿತು, ಮೇಜಿನ ಅಡಿಯಲ್ಲಿ ಡಬ್ಬಿ ಗುರ್ ಅಂತ ಓಡುತ್ತಲೇ ಇರುತ್ತದೆ.

ಮತ್ತೆ ನಮ್ಮ ಕಡೆಯ ಅಭ್ಯಾಸ ನಿಮಗೆ ಗೊತ್ತೇ ಉಂಟು. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು. ಟಿವಿಗಾದರೆ ಸರಿ. ಕಂಪ್ಯೂಟರಿಗೆ ಹಾಗೆ ಮಾಡಿದರೆ ಸೇವ್ ಮಾಡದ್ದೆಲ್ಲ ಹೋಗುತ್ತದೆ. ಡಿಸ್ಕಿಗೆ ಬರೆಯುತ್ತಿರುವಾಗ ಕಿತ್ತರೆ ಫೈಲೇ ಕೆಡಬಹುದು. ಹಾಗಾಗಿ ಈ ಒಂದು ಪದ ಸರಿ ಇರಬೇಕು. ಇವತ್ತು ರಾತ್ರಿಯೊಳಗೆ ಯಾರಾದರೂ ಹೇಳಿ.

ಮರು (ಬೆಂಗಳೂರಿನಿಂದ):
‘ಸ್ಥಗಿತಗೊಳಿಸಿ’. ಬಳಕೆಯಲ್ಲಿ ಇರುವ ಪದ. ಇದರಲ್ಲಿ ಚರ್ಚೆ ಮಾಡಲು ಏನಿದೆ?

ಮರು (ಮಣಿಪಾಲದಿಂದ):
ಬೇಕಾದಷ್ಟಿದೆ. ಸಂಸ್ಕೃತದಲ್ಲಿ ಸ್ಥಗಿತ ಅಂದರೆ ಮುಚ್ಚಿದ್ದು, ಮರೆಮಾಡಿದ್ದು. ನಿಂತದ್ದು ಅನ್ನುವ ಅರ್ಥ ಆಮೇಲೆ ಬಂದದ್ದು. ಅವರು ‘ಮುಚ್ಚಿ’ ಆಗುವುದಿಲ್ಲ ಅಂದರೆ ನೀವು ಅದನ್ನೇ ಸಂಸ್ಕೃತದಲ್ಲಿ ಕೊಟ್ಟಿದ್ದೀರಿ.

‘ಆರಿಸಿ’ ಸರಿಯಾದ ಪದವೇ. ತಪ್ಪು ಇರುವುದು ನಾವು ಬಿಟ್ಟ ಅಕ್ಷರದಲ್ಲಿ. ದೀಪ ಆರುವುದು, ಗಾಯ ಆರುವುದು, ಕಾಫಿ ಆರುವುದು ಎಲ್ಲ ಹಳಗನ್ನಡದ ಆಱು, ಶಕಟರೇಫದ್ದು, ಅಂದರೆ ಱ ಅನ್ನುವ ಹಳೆಯ ಅಕ್ಷರದ್ದು. ಹೆಕ್ಕಿ ತೆಗೆಯುವ ಆರಿಸು ಬೇರೆ. ಅದು ‘ಆಯ್’ ಕುಟುಂಬದ್ದು, ಸಾದಾ ರ. 1894ರಲ್ಲಿ ನಿಮ್ಮ ಮಂಗಳೂರಿನಲ್ಲೇ ಬಾಸೆಲ್ ಮಿಶನ್ ಹೊರತಂದ ಕಿಟ್ಟೆಲ್ ಕೋಶ ತೆರೆದು ನೋಡಿ. ತಮಿಳರು ಆ ಅಕ್ಷರ ಉಳಿಸಿಕೊಂಡರು, ನಾವು ಎಸೆದೆವು. ಯುನಿಕೋಡಿನಲ್ಲಿ ಱ ಇವತ್ತಿಗೂ ಇದೆ. ‘ಕಂಪ್ಯೂಟರ್ ಆಱಿಸಿ’ ಅಂತ ಬರೆಯಿರಿ. ಗೊಂದಲ ಮುಗಿಯಿತು.

ಮರು (ಕುಂದಾಪುರದಿಂದ):
ಮೇಷ್ಟ್ರೆ, ಮೌಸ್ ಹಿಡಿಯಲಿಕ್ಕೇ ಕೈ ನಡುಗುವ ಅಜ್ಜಿಗೆ ಱ ಬೇರೆ ಕಲಿಸಬೇಕಾ? ಅದೂ ಅಲ್ಲದೆ ಐದು, ಆರು ಅನ್ನುವ ಆರು ಕೂಡ ಹಳಗನ್ನಡದಲ್ಲಿ ಆಱು. ಆ ಗೊಂದಲವನ್ನು ಯಾವ ಅಕ್ಷರ ಬಿಡಿಸುತ್ತದೆ? ಸುಮ್ನೆ ‘ಬಂದ್ ಮಾಡಿ’ ಅಂತ ಹಾಕಿ. ದಿನಾ ಹೇಳುವುದು ಅದನ್ನೇ. ತುಳುವಿನಲ್ಲೂ ‘ಬಂದ್ ಮಲ್ಪುಲೆ’.

ಮರು (ಮಣಿಪಾಲದಿಂದ):
‘ಆರಿಸಿ’ ಅಂದಾಗ ಸಂಖ್ಯೆ ಯಾರ ತಲೆಗೂ ಬರುವುದಿಲ್ಲ. ವಾದಕ್ಕೆ ವಾದ ಬೇಡ. ಬಂದ್ ಫಾರಸಿ. ನಮ್ಮಲ್ಲಿ ಪದ ಇಲ್ಲದಿದ್ದರೆ ತರೋಣ, ಇರುವಾಗ ಕಡ ಯಾಕೆ?

ಮರು (ಮಂಗಳೂರಿನಿಂದ):
ಕಡದ ಲೆಕ್ಕ ತೆಗೆದರೆ ನಮ್ಮ ಊರಿನಲ್ಲಿ ಮನೆಗೆ ಬೀಗ ಹಾಕಲಿಕ್ಕೂ ಆಗುವುದಿಲ್ಲ ಮಾರಾಯ್ರೆ. ಚಾವಿ ಪೋರ್ಚುಗೀಸರದ್ದು. ಗೋಡೆ ಕಟ್ಟುವ ಮೇಸ್ತ್ರಿಯೂ ಅವರ ಕಡೆಯವನೇ. ಕಂಪ್ಯೂಟರಿಗೇ ಬನ್ನಿ. ಪರದೆ ಫಾರಸಿ. ದಾಖಲೆ, ರದ್ದು ಎರಡೂ ಅರಬ್ಬಿಯಿಂದ ಬಂದವು. ‘ರದ್ದುಮಾಡಿ’ ಅಂತ ದಿನಾ ಒತ್ತುವಾಗ ಯಾರಿಗೂ ಮಂಡೆಬಿಸಿ ಇಲ್ಲ. ವಿಂಡೋಗೆ ‘ಕಿಟಕಿ’ ಅಂತ ಬರೆದು ಕನ್ನಡ ಉಳಿಸಿದೆವು ಅಂತ ಬೆನ್ನು ತಟ್ಟಿಕೊಳ್ಳುತ್ತೇವೆ. ಅದು ಉತ್ತರದ ಖಿಡಕಿಯ ತಂಗಿ.

ಹಾಗಂತ ‘ಬಂದ್’ಗೆ ನನ್ನ ಓಟಿಲ್ಲ. ಗೋಡೆಯಲ್ಲಿ ದಪ್ಪ ಅಕ್ಷರದಲ್ಲಿ ‘ಕಂಪ್ಯೂಟರ್ ಬಂದ್’ ಅಂತ ಕಂಡರೆ ಜನ ಇವತ್ತು ಕ್ಲಾಸಿಲ್ಲ ಅಂತ ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ.

ಮರು (ಮಣಿಪಾಲದಿಂದ):
ಚಾವಿ ನಿಮಗೆ. ನಮ್ಮ ಮನೆಯಲ್ಲಿ ಬೀಗದ ಕೈ.

ಮರು (ಕಟಪಾಡಿಯಿಂದ):
ನಾನು ವ್ಯಾಕರಣದವನಲ್ಲ, ಕಂಪ್ಯೂಟರ್ ರಿಪೇರಿಯವನು. ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ. ಮೇಡಂ, ನಿಮ್ಮ ಪರದೆಯಲ್ಲಿ ಎಂತ ಬರೆದಿದೆ? ವಿಂಡೋಸ್ ಇಂಗ್ಲಿಷಿನಲ್ಲಿ ಇದ್ದರೆ ಅಲ್ಲಿ ಕಾಣುವುದು ಶಟ್ ಡೌನ್. ಗೋಡೆಯಲ್ಲಿ ಆರಿಸಿ, ಆಱಿಸಿ, ನಂದಿಸಿ ಅಂತ ಏನು ಬರೆದರೂ ಅಜ್ಜ ಅದನ್ನು ಪರದೆಯಲ್ಲಿ ಹುಡುಕಿ ಸುಸ್ತಾಗುತ್ತಾರೆ. ಎರಡೂ ಕಡೆ ಒಂದೇ ಇರಲಿ.

ಇನ್ನೊಂದು. ಆ ಪವರ್ ಗುರುತು ಒತ್ತಿದರೆ ಸ್ಲೀಪ್, ಶಟ್ ಡೌನ್, ರೀಸ್ಟಾರ್ಟ್ ಒಟ್ಟಿಗೇ ಬರುತ್ತವೆ. ಸ್ಲೀಪ್‌ನಲ್ಲಿ ಕೆಲಸ ಮೆಮೊರಿಯಲ್ಲೇ ಇರುತ್ತದೆ, ಅದನ್ನು ಹಿಡಿದಿಡಲಿಕ್ಕೆ ಸ್ವಲ್ಪ ಕರೆಂಟು ಬೇಕೇ ಬೇಕು. ನಿಮ್ಮ ಲ್ಯಾಪ್‌ಟಾಪಿಗೆ ಆದದ್ದು ಅದೇ. ಇನ್ನು ವಿಂಡೋಸ್ 8ರಿಂದ ಈಚೆಗೆ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್ ಡೌನ್ ಕೂಡ ಪೂರ್ತಿ ಶಟ್ ಡೌನ್ ಅಲ್ಲ. ನಿಮ್ಮ ಪ್ರೋಗ್ರಾಂಗಳನ್ನೆಲ್ಲ ಮುಚ್ಚುತ್ತದೆ, ಆದರೆ ವಿಂಡೋಸಿನ ತಿರುಳನ್ನು ಡಿಸ್ಕಿನಲ್ಲಿ ಗಂಟುಕಟ್ಟಿ ಇಡುತ್ತದೆ, ಬೆಳಿಗ್ಗೆ ಬೇಗ ಏಳಲಿಕ್ಕೆ. ಎಲ್ಲ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟೇ ಒತ್ತಬೇಕು. ‘ಆಫ್ ಮಾಡಿ ಆನ್ ಮಾಡಿದೆ, ಸರಿ ಆಗಲೇ ಇಲ್ಲ’ ಅಂತ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇದಕ್ಕೆಲ್ಲ ಒಂದೊಂದು ಕನ್ನಡ ಪದ ಹೊಸೆಯುತ್ತಾ ಕೂತರೆ ನಿಮ್ಮ ಫ್ಲೆಕ್ಸ್ ಬರುವ ವರ್ಷಕ್ಕೆ.

ವಿಂಡೋಸ್ 95ರ ಕಾಲವೇ ಚೆಂದ ಇತ್ತು. ‘ಇನ್ನು ಆಫ್ ಮಾಡಿದರೆ ತೊಂದರೆ ಇಲ್ಲ’ ಅಂತ ಕಪ್ಪು ಪರದೆಯಲ್ಲಿ ಕಿತ್ತಳೆ ಬಣ್ಣದ ಅಕ್ಷರ ಬರುತ್ತಿತ್ತು, ಆಮೇಲೆ ನಾವೇ ಸ್ವಿಚ್ ಒತ್ತುವುದು. ಕಲಿಯುವವರಿಗೆ ಅದು ಸುಲಭ. ಈಗ ಅದಷ್ಟಕ್ಕೇ ಆಫ್ ಆಗುತ್ತದೆ, ಯಾವಾಗ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಡಬ್ಬಿಯ ಲೈಟು ನೋಡಲಿಕ್ಕೆ ಹೇಳಿ.

ಮರು (ಕೇಳಿದವಳು ನಾನೇ):
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಒಬ್ಬರು ಬೇರೆಯಾಗಿ ಮೇಲ್ ಮಾಡಿ, ‘ದೇವರ ದೀಪವನ್ನು ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು ಅಂತ ನಮ್ಮ ಅಮ್ಮ ಹೇಳುತ್ತಿದ್ದರು, ಕಂಪ್ಯೂಟರನ್ನೂ ಶಾಂತ ಮಾಡಿ’ ಅಂದಿದ್ದಾರೆ. ಇಷ್ಟವಾಯಿತು. ಆದರೆ ನಮ್ಮ ಕ್ಲಾಸಿನವರು ಸ್ಪೀಕರ್ ಸೌಂಡ್ ಕಮ್ಮಿ ಮಾಡಿ ಮನೆಗೆ ಹೋಗುವುದು ಖಂಡಿತ.

ಕೊನೆಗೆ ಅಂಗಡಿಗೆ ಕೊಟ್ಟ ಸಾಲು ಇದು: ‘ಕೆಲಸ ಮುಗಿದ ಮೇಲೆ ಶಟ್ ಡೌನ್ ಒತ್ತಿ. ಡಬ್ಬಿಯ ಲೈಟು ಆರುವವರೆಗೆ ಕಾಯಿರಿ. ಆಮೇಲೆ ಸ್ವಿಚ್, ಆಮೇಲೆ ಪ್ಲಗ್.’ ಶಟ್ ಡೌನ್ ಪಕ್ಕದಲ್ಲಿ ಪರದೆಯಲ್ಲಿ ಅದು ಕಾಣುವ ಹಾಗೆಯೇ ಒಂದು ಫೋಟೊ ಹಾಕಿಸಿದ್ದೇನೆ. ಗುಡುಗಿನ ದಿನ ಕ್ಲಾಸನ್ನೇ ಬೇಗ ಮುಗಿಸುವುದು ಅಂತಾಗಿದೆ. ಆರಿಸು ಬಿಟ್ಟೆ, ಆರು ಇಟ್ಟುಕೊಂಡೆ. ‘ಲೈಟು ಆರಿತು’ ಅಂದರೆ ಹೆಕ್ಕುವುದು ಅಂತ ಯಾರಿಗೂ ಅನ್ನಿಸುವುದಿಲ್ಲ ಅಲ್ವಾ?

ಮರು (ಮಣಿಪಾಲದಿಂದ):
‘ಆಱುವವರೆಗೆ’. ಪ್ರಿಂಟ್ ಆಗಿಲ್ಲದಿದ್ದರೆ ಈಗಲೇ ತಿದ್ದಿಸಿ.