ಅಜ್ಜಿಯ ಮಾತು ರೆಕಾರ್ಡ್ ಮಾಡಲು ಯಾವ ಕಾಲರ್ ಮೈಕ್ ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ನಾವು ಶಿವಮೊಗ್ಗ ಹತ್ತಿರದ ಹಳ್ಳಿಯವರು. ಅಜ್ಜಿಗೆ ಎಂಬತ್ತು ದಾಟಿದೆ. ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ ಅವರ ಊರು ಮುಳುಗಡೆಯಾಯಿತು. ಮನೆ, ಗದ್ದೆ, ತೋಟ ಎಲ್ಲ ಬಿಟ್ಟು ಇಲ್ಲಿಗೆ ಬಂದವರು. ಆ ಕತೆಯನ್ನೆಲ್ಲ ಅವರ ಬಾಯಲ್ಲೇ ಹೇಳಿಸಿ ಇಟ್ಟುಕೊಳ್ಳಬೇಕು ಅಂತ ಆಸೆ. ಫೋನಿನಲ್ಲಿ ಮಾಡಿ ನೋಡಿದೆ. ಅವರ ದನಿ ಬಾವಿಯೊಳಗಿಂದ ಬಂದ ಹಾಗಿದೆ, ಫ್ಯಾನ್ ಸದ್ದೇ ಜಾಸ್ತಿ. 1500 ರೂಪಾಯಿ ಒಳಗೆ ಒಳ್ಳೆಯ ವೈರ್‌ಲೆಸ್ ಕಾಲರ್ ಮೈಕ್ ಯಾವುದು? ಆನ್‌ಲೈನಲ್ಲಿ 500ಕ್ಕೂ ಇದೆ, 20 ಸಾವಿರಕ್ಕೂ ಇದೆ. ನೋಡಿ ನೋಡಿ ತಲೆ ಕೆಟ್ಟಿದೆ.

ಉತ್ತರ: ಮೇಡಂ, ಸಾಕ್ಷ್ಯಚಿತ್ರಗಳಿಗೆ ಸೌಂಡ್ ರೆಕಾರ್ಡ್ ಮಾಡುವುದು ನನ್ನ ಕೆಲಸ. ವಯಸ್ಸಾದವರ ಮಾತು ಹಿಡಿಯುವುದು ಅದರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಆ ಡ್ಯಾಮ್ ಮುಗಿದದ್ದು 1964ರಲ್ಲಿ. ಆಗ ದೊಡ್ಡವರಾಗಿದ್ದವರೆಲ್ಲ ಈಗ ನಿಮ್ಮ ಅಜ್ಜಿಯ ವಯಸ್ಸಿನವರು. ಹಾಗಾಗಿ ಮೈಕ್ ಹುಡುಕುತ್ತಾ ತಿಂಗಳು ಕಳೆಯಬೇಡಿ, ಈ ವಾರವೇ ಶುರು ಮಾಡಿ.

ನಿಮ್ಮ ಬಜೆಟ್‌ನಲ್ಲಿ ವೈರ್‌ಲೆಸ್ ಬೇಡ, ವೈರ್ ಇರುವುದೇ ತಗೊಳ್ಳಿ. ಅಜ್ಜಿ ಒಂದು ಕಡೆ ಕೂತು ಮಾತಾಡುತ್ತಾರೆ, ಓಡಾಡುವುದಿಲ್ಲ ಅಲ್ವಾ? ವೈರ್‌ಲೆಸ್‌ನಲ್ಲಿ ನೀವು ಕೊಡುವ ದುಡ್ಡಿನಲ್ಲಿ ಹೆಚ್ಚಿನ ಭಾಗ ಬ್ಯಾಟರಿಗೆ, ರೇಡಿಯೋಗೆ, ಚಾರ್ಜಿಂಗ್ ಡಬ್ಬಿಗೆ ಹೋಗುತ್ತದೆ. ದನಿ ಹಿಡಿಯುವ ಭಾಗಕ್ಕೆ ಉಳಿಯುವುದು ಸ್ವಲ್ಪ. ವೈರ್ ಇರುವ ಮೈಕಿನಲ್ಲಿ ದುಡ್ಡೆಲ್ಲ ಮೈಕಿಗೇ ಹೋಗುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. 500–1000 ರೂಪಾಯಿಯ ವೈರ್‌ಲೆಸ್ ಮೈಕುಗಳಲ್ಲಿ 'ನಾಯ್ಸ್ ಕ್ಯಾನ್ಸಲಿಂಗ್' ಅಂತ ಇರುತ್ತದೆ. ಸಣ್ಣ ಸದ್ದನ್ನೆಲ್ಲ ಅದು ಕತ್ತರಿಸಿ ಹಾಕುತ್ತದೆ. ವಯಸ್ಸಾದವರು ಮಾತಿನ ಕೊನೆಗೆ ದನಿ ಇಳಿಸುತ್ತಾರೆ. ಕನ್ನಡದಲ್ಲಿ ಮಾಡಿದವರು ಯಾರು, ಎಷ್ಟು ಜನ ಅನ್ನುವುದೆಲ್ಲ ಕೊನೆಯಲ್ಲೇ ಇರುತ್ತದೆ. 'ಬಂದಳು' ಅಂದರಾ 'ಬಂದರು' ಅಂದರಾ ಅಂತ ಆಮೇಲೆ ಎಷ್ಟು ಸಲ ಕೇಳಿದರೂ ಗೊತ್ತಾಗುವುದಿಲ್ಲ. ಒಮ್ಮೆ ಹೋದ ಅಕ್ಷರ ಯಾವ ಸಾಫ್ಟ್‌ವೇರ್‌ನಿಂದಲೂ ವಾಪಸ್ ಬರುವುದಿಲ್ಲ.

ಹೆಸರು ಹೇಳಬೇಕೆಂದರೆ ಬೋಯಾ ಬಿವೈ-ಎಂ1. ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ವೈರ್ 6 ಮೀಟರ್ ಇದೆ, ಅಂದರೆ ಸುಮಾರು 20 ಅಡಿ. ನಕಲಿ ಮಾಲು ಇದರಲ್ಲಿ ಬಹಳ ಇದೆ. ವಾಪಸ್ ಕೊಡಲು ಆಗುವ ಕಡೆ ಮಾತ್ರ ಕೊಳ್ಳಿ. ಮಾವೊನೊ ಕಂಪನಿಯ ವೈರ್ ಮೈಕುಗಳೂ ಈ ಕೆಲಸಕ್ಕೆ ಸಾಕು. ಈ ಬೆಲೆಯಲ್ಲಿ ಇವೆರಡರ ನಡುವೆ ಯಾವುದು ಅಂತ ತುಂಬಾ ಯೋಚಿಸಬೇಡಿ. ಮೈಕ್ ಎಲ್ಲಿ ಸಿಕ್ಕಿಸುತ್ತೀರಿ ಅನ್ನುವುದರಿಂದ ಆಗುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ದೊಡ್ಡದು.

ಲೆಕ್ಕ ನೋಡಿ. ಬಾಯಿಂದ ಮೈಕಿನ ದೂರ ಎರಡರಷ್ಟಾದರೆ ದನಿ 6 ಡೆಸಿಬಲ್ (ದನಿಯ ಜೋರನ್ನು ಅಳೆಯುವ ಮಾಪು) ಇಳಿಯುತ್ತದೆ. ನಿಮ್ಮ ಫೋನು 4 ಅಡಿ ಆಚೆ ಸ್ಟೂಲ್ ಮೇಲಿತ್ತು ಅಂದುಕೊಳ್ಳಿ. ಮೈಕನ್ನು ಅರ್ಧ ಅಡಿಗೆ ತಂದರೆ ಅಜ್ಜಿಯ ದನಿ 18 ಡೆಸಿಬಲ್ ಏರುತ್ತದೆ. ಫ್ಯಾನ್ ಸದ್ದು, ಗೋಡೆಗೆ ಬಡಿದು ಬರುವ ದನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತವೆ. ಸಾವಿರ ರೂಪಾಯಿ ಮೈಕ್ ಮಾಡುವ ಉಪಕಾರ ಇದು. 20 ಸಾವಿರದ ಮೈಕನ್ನು 4 ಅಡಿ ದೂರ ಇಟ್ಟರೆ ಬಾವಿಯ ದನಿಯೇ ಬರುತ್ತದೆ.

ಪ್ರಶ್ನೆ (ಅದೇ ಸದಸ್ಯೆ): ತುಂಬಾ ಥ್ಯಾಂಕ್ಸ್ ಸರ್. ಆದರೆ ನನ್ನ ಫೋನಿನಲ್ಲಿ ಇಯರ್‌ಫೋನ್ ತೂತೇ ಇಲ್ಲ, ಟೈಪ್-ಸಿ ಮಾತ್ರ ಇದೆ. ಕನ್ವರ್ಟರ್ ಹಾಕಿದರೆ ಆಗುತ್ತಾ?

ಉತ್ತರ: ಆಗುತ್ತದೆ, ಆದರೆ ಯಾವುದೋ ಒಂದು ಹಾಕಿದರೆ ಆಗುವುದಿಲ್ಲ. ಇಲ್ಲೇ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ಟೈಪ್-ಸಿ ಕನ್ವರ್ಟರ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ತಂತಿ ಇರುತ್ತದೆ, ಕೆಲವೇ ಫೋನುಗಳಿಗೆ ಆಗುತ್ತದೆ. ಇನ್ನೊಂದರಲ್ಲಿ ಪುಟ್ಟ ಚಿಪ್ ಇರುತ್ತದೆ. ಅದನ್ನು 'ಡ್ಯಾಕ್' ಇರುವುದು ಅಂತ ಕೇಳಿ. ಅದರಲ್ಲೂ ಕೆಲವು ಹಾಡು ಕೇಳಲು ಮಾತ್ರ, ಮೈಕ್ ಒಳಗೆ ತಗೊಳ್ಳುವುದಿಲ್ಲ. 'ಮೈಕ್ ಸಪೋರ್ಟ್' ಅಂತ ಬರೆದಿರುವುದನ್ನೇ ತಗೊಳ್ಳಿ. ಮನೆಯಲ್ಲಿ ಯಾರದಾದರೂ ಹಳೆಯ ಫೋನು, ಮಾಮೂಲಿ 3.5 ಎಂಎಂ ತೂತು ಇರುವುದು, ಮೂಲೆಯಲ್ಲಿ ಬಿದ್ದಿದ್ದರೆ ಅದೇ ಒಳ್ಳೆಯದು. ಸಿಮ್ ಇಲ್ಲದಿದ್ದರೂ ನಡೆಯುತ್ತದೆ.

ಕನ್ವರ್ಟರ್ ರಗಳೆಯೇ ಬೇಡ ಅಂದರೆ ನೇರವಾಗಿ ಟೈಪ್-ಸಿ ಪಿನ್ ಇರುವ ಕಾಲರ್ ಮೈಕ್ ಬರುತ್ತದೆ. ಬೋಯಾದಲ್ಲೇ ಬಿವೈ-ಎಂ3 ಅಂತ ಇದೆ. ಒಂದು ವಿಷಯ ನೆನಪಿರಲಿ: ಒಪ್ಪೊ, ರಿಯಲ್‌ಮಿ, ವಿವೋ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿ (ಟೈಪ್-ಸಿ ತೂತಿಗೆ ಹಾಕಿದ ಸಾಧನವನ್ನು ಫೋನ್ ಗುರುತಿಸುವ ಸೌಲಭ್ಯ) ಆನ್ ಮಾಡಬೇಕಾಗಬಹುದು. ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ಕಾಫಿಗೆ ಎದ್ದು ಬಂದು ಮತ್ತೆ ಶುರು ಮಾಡುವಾಗ ಒಮ್ಮೆ ನೋಡಿಕೊಳ್ಳಿ. ಮೈಕ್ ಹಾಕಿದಾಗ ಚಾರ್ಜರ್ ಹಾಕಲು ಜಾಗ ಇರುವುದಿಲ್ಲ. ಫೋನ್ ಫುಲ್ ಚಾರ್ಜ್ ಮಾಡಿಕೊಂಡೇ ಕೂರಿ.

ಮತ್ತೊಬ್ಬ ಸದಸ್ಯರು: ಸರ್, ನನ್ನ ಹತ್ತಿರ ಇದೇ ಬಿವೈ-ಎಂ1 ಇದೆ. ಹಾಕಿದರೂ ಹಾಕದಿದ್ದರೂ ದನಿ ಒಂದೇ ಥರ ಇದೆ. ಮೈಕ್ ಹಾಳಾಗಿದೆಯಾ?

ಉತ್ತರ: ಬಹುಶಃ ಮೈಕ್ ಚೆನ್ನಾಗಿಯೇ ಇದೆ. ಫೋನು ತನ್ನ ಒಳಗಿನ ಮೈಕಿನಲ್ಲೇ ರೆಕಾರ್ಡ್ ಮಾಡುತ್ತಿದೆ. ಹೀಗೆ ನೋಡಿ. ರೆಕಾರ್ಡಿಂಗ್ ಒತ್ತಿ, ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಕೆರೆಯಿರಿ. ಆಮೇಲೆ ಫೋನಿನ ಕೆಳಭಾಗದ ಸಣ್ಣ ತೂತನ್ನು ಕೆರೆಯಿರಿ. ಕೇಳಿದಾಗ ಯಾವ ಕೆರೆತ ಜೋರಾಗಿದೆಯೋ ಆ ಮೈಕ್ ಕೆಲಸ ಮಾಡುತ್ತಿದೆ ಅಂತ ಅರ್ಥ. ನಾನು ಈಗಲೂ ಪ್ರತಿ ರೆಕಾರ್ಡಿಂಗ್‌ಗೂ ಮೊದಲು ಇದನ್ನು ಮಾಡುತ್ತೇನೆ.

ಫೋನಿನ ಮೈಕೇ ಬರುತ್ತಿದ್ದರೆ ಮೊದಲು ಪಿನ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಫೋನಿನ ಕವರ್ ದಪ್ಪ ಇದ್ದರೆ ಪಿನ್ ಕೂರುವುದಿಲ್ಲ, ಕವರ್ ತೆಗೆಯಿರಿ. ಆಮೇಲೆ ಆಪ್. ವಿಡಿಯೋ ತೆಗೆಯುವಾಗ ಫೋನಿನ ಜೊತೆ ಬಂದ ಕ್ಯಾಮೆರಾ ಆಪ್ ಎಷ್ಟೋ ಸಲ ಹೊರಗಿನ ಮೈಕನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. 'ಓಪನ್ ಕ್ಯಾಮೆರಾ' ಅನ್ನುವ ಉಚಿತ ಆಪ್ ಹಾಕಿಕೊಂಡು, ಅದರ ಸೆಟ್ಟಿಂಗ್‌ನಲ್ಲಿ ಆಡಿಯೋ ಸೋರ್ಸ್ ಅನ್ನು 'ಎಕ್ಸ್‌ಟರ್ನಲ್ ಮೈಕ್' ಅಂತ ಆರಿಸಿ. ಕೊನೆಯದಾಗಿ ಮೈಕಿನ ವೈರಿನಲ್ಲಿರುವ ಡಬ್ಬಿಯ ಸ್ವಿಚ್. ಫೋನಿಗೆ ಹಾಕುವಾಗ ಅದು 'ಸ್ಮಾರ್ಟ್‌ಫೋನ್' ಕಡೆಗೇ ಇರಬೇಕು.

ಪ್ರಶ್ನೆ (ಮೊದಲ ಸದಸ್ಯೆ): ಸರ್, ಮೈಕ್ ಬಂತು. ದನಿ ಎಷ್ಟು ಹತ್ತಿರ ಕೇಳಿಸುತ್ತದೆ ಅಂದರೆ ಅಜ್ಜಿ ಪಕ್ಕದಲ್ಲೇ ಕೂತಿದ್ದಾರೆ ಅನಿಸಿತು! ಆದರೆ ಮಧ್ಯೆ ಮಧ್ಯೆ ಕರಕರ, ಟಣ್ ಅಂತ ಸದ್ದು. ಅಜ್ಜಿ ಸೀರೆ ಉಡುತ್ತಾರೆ, ಕೊರಳಲ್ಲಿ ಸರ ಇದೆ, ಕೈಯಲ್ಲಿ ಬಳೆ. ಮೈಕ್ ಎಲ್ಲಿ ಸಿಕ್ಕಿಸುವುದು?

ಉತ್ತರ: ಖುಷಿಯಾಯಿತು ಮೇಡಂ. ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಕೊಡುತ್ತೇನೆ. ಮೈಕಿನ ಜೊತೆ ಬರುವ ಚೀಟಿಯಲ್ಲಿ ಕೋಟು, ಟೈ ಹಾಕಿದ ಗಂಡಸಿನ ಚಿತ್ರ ಮಾತ್ರ ಇರುತ್ತದೆ. ನಮ್ಮ ಅಜ್ಜಿಯರಿಗೆ ಅದು ಉಪಯೋಗವಿಲ್ಲ.

ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಜಾಗ ಅದೇ. ಕುತ್ತಿಗೆಗೆ ತೀರಾ ಹತ್ತಿರ ಹೋದರೆ ಗದ್ದದ ನೆರಳಲ್ಲಿ ಸಿಕ್ಕಿ ದನಿ ಮಂಕಾಗುತ್ತದೆ. ಸೀರೆಯಲ್ಲಿ ಸೆರಗಿನ ಅಂಚು ಎದೆಯ ಮೇಲೆ ಓರೆಯಾಗಿ ಹಾದುಹೋಗುತ್ತದಲ್ಲ, ಆ ಅಂಚಿಗೇ ಸಿಕ್ಕಿಸಿ. ಸೆರಗನ್ನು ಭುಜದ ಹತ್ತಿರ ಪಿನ್ನಿನಿಂದ ರವಿಕೆಗೆ ಭದ್ರ ಮಾಡಿ, ಜಾರಬಾರದು. ಬಟ್ಟೆಯೂ ಮೈಕೂ ಒಟ್ಟಿಗೆ ಅಲುಗಿದರೆ ಸದ್ದಿಲ್ಲ. ಒಂದರ ಮೇಲೊಂದು ಉಜ್ಜಿದರೆ ಕರಕರ. ಹೊಸ ರೇಷ್ಮೆ, ಗಂಜಿ ಹಾಕಿದ ಕಾಟನ್, ನೈಲಾನ್ ಎಲ್ಲವೂ ಸದ್ದು ಮಾಡುತ್ತವೆ. ರೆಕಾರ್ಡಿಂಗ್ ಅಂತ ಅಜ್ಜಿ ಒಳ್ಳೆಯ ಸೀರೆ ತೆಗೆದರೆ, ಒಗೆದು ಒಗೆದು ಮೆತ್ತಗಾದ ದಿನದ ಸೀರೆಯೇ ಸಾಕು ಅಂತ ಪ್ರೀತಿಯಿಂದ ಹೇಳಿ.

ಟಣ್ ಅನ್ನುವುದು ಸರ. ಅದನ್ನು ರವಿಕೆಯೊಳಗೆ ಸೇರಿಸಿದರೆ ಸಾಕು. ತಾಳಿ ತೆಗೆಯಿರಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಬಳೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವರು ಕೈ ಆಡಿಸಿ ಮಾತಾಡುವವರಾದರೆ ಆ ಸದ್ದು ಅವರ ಮಾತಿನ ಭಾಗವೇ. ಕೈ ಕಟ್ಟಿ ಕೂರಿಸಿದರೆ ಕತೆಯೂ ನಿಂತುಹೋಗುತ್ತದೆ.

ಕ್ಲಿಪ್ ಕೆಳಗೆ ವೈರನ್ನು ಒಂದು ಸಣ್ಣ ಸುತ್ತು ಮಾಡಿ ಅದೇ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ವೈರ್ ಎಳೆದಾಗ ಅದರ ಸದ್ದು ಮೈಕಿನವರೆಗೆ ಏರುವುದಿಲ್ಲ. ಮೈಕಿನ ತಲೆಯ ಸ್ಪಂಜು ತೆಗೆಯಬೇಡಿ. 'ಪ', 'ಫ', 'ಭ' ಬರುವಾಗ ಉಸಿರು ತಾಗದಂತೆ ಅದು ಕಾಯುತ್ತದೆ. ನೀವು ಅಜ್ಜಿಯ ಯಾವ ಬದಿಗೆ ಕೂರುತ್ತೀರೋ ಮೈಕ್ ಸ್ವಲ್ಪ ಆ ಬದಿಗೇ ಇರಲಿ, ಅವರು ತಿರುಗಿ ಮಾತಾಡುವುದು ನಿಮ್ಮ ಕಡೆಗೆ.

ಅಜ್ಜ ಇದ್ದು, ಮೈಮೇಲೆ ಬರೀ ಟವೆಲ್ ಹೊದ್ದುಕೊಂಡಿದ್ದರೆ ಟವೆಲ್ ಅಂಚಿಗೆ ಸಿಕ್ಕಿಸಿ. ಅದು ಜಾರದಂತೆ ಹಿಂದಿನಿಂದ ಒಂದು ಬಟ್ಟೆ ಕ್ಲಿಪ್ ಹಾಕಿ. ಚರ್ಮಕ್ಕೆ ಟೇಪ್ ಅಂಟಿಸಬೇಡಿ. ವಯಸ್ಸಾದವರ ಚರ್ಮ ತೆಳು, ಕೀಳುವಾಗ ನೋವಾಗುತ್ತದೆ.

ಮೈಕ್ ಕಂಡ ಕೂಡಲೇ ಕೆಲವರು ಭಾಷಣದ ಥರ ಮಾತಾಡಲು ಶುರು ಮಾಡುತ್ತಾರೆ. ರೆಕಾರ್ಡ್ ಆಗುತ್ತಿದೆ ಅಂತ ಅವರಿಗೆ ಹೇಳಿಯೇ ಆನ್ ಮಾಡಿ. ಆಮೇಲೆ ಮಳೆ, ಅಡಿಕೆ ರೇಟು, ಮೊಮ್ಮಕ್ಕಳ ವಿಷಯ ಏನಾದರೂ ಮಾತಾಡಿ. ಅವರು ಮೈಕ್ ಮರೆತ ಮೇಲೆ ಮುಳುಗಡೆಯ ಮಾತಿಗೆ ಬನ್ನಿ.

ಮತ್ತೊಬ್ಬ ಸದಸ್ಯರು: ನಾನು ಹೈಸ್ಕೂಲ್ ಮೇಷ್ಟ್ರು. ಪಾಠ ರೆಕಾರ್ಡ್ ಮಾಡಬೇಕು. ಬೋರ್ಡ್ ಮುಂದೆ ಓಡಾಡುತ್ತೇನೆ. ನನಗಂತೂ ವೈರ್‌ಲೆಸ್ ಬೇಕೇ ಬೇಕಲ್ಲವೇ?

ಉತ್ತರ: ದುಡ್ಡಿದ್ದರೆ ಖಂಡಿತ. ಡಿಜೆಐ ಮೈಕ್ ಮಿನಿ, ಹಾಲಿಲ್ಯಾಂಡ್ ಲಾರ್ಕ್ ಎಂ2 ಥರದ್ದು ಚೆನ್ನಾಗಿವೆ, ಆದರೆ ಹಲವು ಸಾವಿರ ಆಗುತ್ತದೆ. ಇವೆಲ್ಲ 2.4 ಗಿಗಾಹರ್ಟ್ಸ್ ರೇಡಿಯೋ ಸಿಗ್ನಲ್‌ನಲ್ಲಿ ಓಡುತ್ತವೆ. ನಮ್ಮ ಮೈಯೇ ಆ ಸಿಗ್ನಲ್ಲಿಗೆ ಅಡ್ಡ. ನೀವು ಬೋರ್ಡ್ ಕಡೆ ತಿರುಗಿ ಬರೆಯುವಾಗ ದನಿ ಕಡಿದು ಕಡಿದು ಬರಬಹುದು. ಅಗ್ಗದ್ದರಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ಕಡಿಮೆ ಖರ್ಚಿನ ದಾರಿ ಹೇಳುತ್ತೇನೆ ಸರ್. ವೈರ್ ಮೈಕನ್ನು ಹಳೆಯ ಫೋನಿಗೆ ಹಾಕಿ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳಿ, ಉಳಿದ ವೈರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ವಿಡಿಯೋ ಇನ್ನೊಂದು ಫೋನಿನಲ್ಲಿ. ಎರಡೂ ಆನ್ ಆದ ಮೇಲೆ ಕ್ಯಾಮೆರಾ ಮುಂದೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಆ ಎರಡು ಚಪ್ಪಾಳೆಗಳನ್ನು ಒಂದರ ಮೇಲೊಂದು ಕೂರಿಸಿದರೆ ದನಿ, ಚಿತ್ರ ಸರಿಹೊಂದುತ್ತವೆ.

ಮತ್ತೊಬ್ಬ ಸದಸ್ಯೆ: ಇಬ್ಬರು ಮಾತಾಡುವುದಾದರೆ?

ಉತ್ತರ: ಒಂದೇ ಪಿನ್ನಿಗೆ ಎರಡು ಮೈಕ್ ಇರುವುದು ಬರುತ್ತದೆ, ಬೋಯಾ ಬಿವೈ-ಎಂ1ಡಿಎಂ. ಆದರೆ ಫೋನಿನಲ್ಲಿ ಇಬ್ಬರ ದನಿಯೂ ಒಂದಾಗಿಬಿಡುತ್ತದೆ, ಆಮೇಲೆ ಬೇರೆ ಮಾಡಲು ಆಗುವುದಿಲ್ಲ. ಎರಡು ಫೋನು, ಎರಡು ಮೈಕು, ಒಂದು ಚಪ್ಪಾಳೆ ಇನ್ನೂ ಒಳ್ಳೆಯದು. ಪ್ರಶ್ನೆ ಕೇಳುವವರು ನೀವೇ ಆದರೆ ನಿಮಗೆ ಬೇರೆ ಮೈಕ್ ಬೇಡ. ಈ ಮೈಕುಗಳು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತವೆ, ನಿಮ್ಮ ಪ್ರಶ್ನೆ ಅರ್ಥವಾಗುವಷ್ಟು ಬರುತ್ತದೆ.

ಪ್ರಶ್ನೆ (ಮೊದಲ ಸದಸ್ಯೆ): ಸರ್, ಇನ್ನೆರಡು ಕೇಳಿಬಿಡುತ್ತೇನೆ. ಇಲ್ಲಿ ಮಳೆ ಶುರುವಾಗಿದೆ, ಮುಂದಿನ ಭಾಗಕ್ಕೆ ಯಾವ ರೂಮು ಒಳ್ಳೆಯದು? ಮತ್ತೆ ಫೈಲನ್ನು ಬೆಂಗಳೂರಿನಲ್ಲಿರುವ ಅಣ್ಣನಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಆಯಿತಾ?

ಉತ್ತರ: ಶೀಟಿನ ಮಾಡಿನ ಮೇಲೆ ಬೀಳುವ ಮಳೆಗೆ ಯಾವ ಮೈಕೂ ಉತ್ತರವಲ್ಲ. ಮಳೆ ಬಿಡುವು ಕೊಟ್ಟಾಗ ಕೂರಿ. ಹಾಸಿಗೆ, ಕಂಬಳಿ ರಾಶಿ ಇರುವ ಮಲಗುವ ಕೋಣೆ ಒಳ್ಳೆಯದು, ಅವು ದನಿ ಹೀರುತ್ತವೆ. ಟೈಲ್ಸ್ ಹಾಕಿದ ಖಾಲಿ ಹಾಲ್ ಬೇಡ. ಫ್ಯಾನ್, ಫ್ರಿಜ್ ಆಫ್ ಮಾಡಿ. ಸೆಕೆಯಾದರೆ ಪ್ರತಿ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ ಫ್ಯಾನ್ ಹಾಕಿ, ಅಜ್ಜಿಗೂ ವಿಶ್ರಾಂತಿ ಬೇಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದು ಮರೆಯಬೇಡಿ. ಮಧ್ಯದಲ್ಲಿ ಕಾಲ್ ಬಂದರೆ ರೆಕಾರ್ಡಿಂಗ್ ನಿಲ್ಲಬಹುದು.

ದನಿ ರೆಕಾರ್ಡ್ ಮಾಡುವ ಆಪ್‌ನ ಸೆಟ್ಟಿಂಗ್‌ನಲ್ಲಿ 'ವೇವ್' (WAV) ಫೈಲ್, 48 ಕಿಲೋಹರ್ಟ್ಸ್, ಮೊನೊ ಅಂತ ಆರಿಸಿ. 16 ಬಿಟ್‌ನಲ್ಲಿ ಒಂದು ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ, ಜಾಗ ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಆಡಿಯೋ ಅಂತ ಕಳಿಸದೆ 'ಡಾಕ್ಯುಮೆಂಟ್' ಅಂತ ಕಳಿಸಿ, ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ. ಅಣ್ಣ ಕತ್ತರಿಸುವುದು, ಕ್ಲೀನ್ ಮಾಡುವುದು ಎಲ್ಲ ನಕಲು ಪ್ರತಿಯಲ್ಲಿ ಮಾಡಲಿ. ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಒಂದು, ಆನ್‌ಲೈನ್ ಡ್ರೈವಿನಲ್ಲಿ ಒಂದು ಇಟ್ಟುಬಿಡಿ. ಫೈಲ್ ಹೆಸರಲ್ಲೇ ಅಜ್ಜಿಯ ಹೆಸರು, ಅವರ ಹಳೆಯ ಊರಿನ ಹೆಸರು, ತಾರೀಕು ಬರೆಯಿರಿ.

ಇನ್ನೊಬ್ಬ ಸದಸ್ಯರು: ಮೈಕಿನ ಡಬ್ಬಿಯಲ್ಲಿ ಒಂದು ಗುಂಡಗಿನ ಸೆಲ್ ಬಂದಿದೆ. ಅದು ಹಾಕಲೇಬೇಕಾ?

ಉತ್ತರ: ಅದು ಎಲ್ಆರ್44 ಸೆಲ್, ಕ್ಯಾಮೆರಾಗೆ ಹಾಕುವಾಗ ಮಾತ್ರ ಬೇಕು. ಫೋನಿಗಾದರೆ ಫೋನೇ ಮೈಕಿಗೆ ಕರೆಂಟ್ ಕೊಡುತ್ತದೆ. ಕ್ಯಾಮೆರಾಗೆ ಬಳಸಿದ ಮೇಲೆ ಸ್ವಿಚ್ಚನ್ನು ವಾಪಸ್ 'ಸ್ಮಾರ್ಟ್‌ಫೋನ್' ಕಡೆ ಮಾಡಿ, ಇಲ್ಲದಿದ್ದರೆ ಸೆಲ್ ಸುಮ್ನೆ ಖಾಲಿಯಾಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಸೆಲ್ ಅವರ ಕೈಗೆ ಸಿಗದಂತೆ ಎತ್ತಿಡಿ. ನುಂಗಿದರೆ ಬಹಳ ಅಪಾಯ.